ವಾಯಿದೆಯ ವ್ಯಾಪಾರವೂ ಸಣ್ಣ ಪಾಲುದಾರರೂ

೧

ತನ್ನಲ್ಲಿಲ್ಲದ ಪದಾರ್ಥವನ್ನು ಮಾರಹೊರಟವನನ್ನು ಲೋಕವು ಸಾಮಾನ್ಯವಾಗಿ ವಂಚಕನೆಂದು ಕರೆಯುತ್ತದೆ. ಕೊಟ್ಟಿಗೆಯಲ್ಲಿಲ್ಲದ ಹಸುವಿಗೆ ಸಂಚಕಾರ ಪಡೆದವನು ಪಂಚಾಯಿತಿಯ ಮುಂದೆ ನಿಲ್ಲಬೇಕಾಗುತ್ತದೆ. ಷೇರುಪೇಟೆಯಲ್ಲಿ ಮಾತ್ರ ಈ ಕೆಲಸವು ನಾನೂರು ವರ್ಷಗಳಿಂದ ನಡೆದುಬಂದಿದೆ. ಒಮ್ಮೆ ಅದು ಅಪರಾಧವೆನಿಸಿತು, ಮತ್ತೊಮ್ಮೆ ಜಾಣತನವೆನಿಸಿತು; ಈಗ ಅನೇಕ ದೇಶಗಳಲ್ಲಿ ನಿಯಮಕ್ಕೊಳಪಟ್ಟ ವೃತ್ತಿಯೇ ಆಗಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಷಾರ್ಟ್ ಸೆಲ್ಲಿಂಗ್ ಎಂದು ಹೆಸರು.

ಇದರ ಮರ್ಮವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಒಬ್ಬನು ನೆರೆಯವನಿಂದ ಹತ್ತು ಮೂಟೆ ಬತ್ತವನ್ನು ಕಡ ತಂದು ಮೈಸೂರಿನ ಸಂತೇಪೇಟೆಯಲ್ಲಿ ಆ ದಿನದ ಧಾರಣೆಗೆ ಮಾರುತ್ತಾನೆಂದು ಭಾವಿಸೋಣ. ಸುಗ್ಗಿ ಬಂದು ಧಾರಣೆ ಇಳಿದರೆ ಅವನು ಕಡಮೆ ಹಣಕ್ಕೆ ಹತ್ತು ಮೂಟೆ ಕೊಂಡು ನೆರೆಯವನಿಗೆ ಹಿಂದಿರುಗಿಸುತ್ತಾನೆ. ಮಿಕ್ಕ ಹಣವೇ ಅವನ ಲಾಭ. ಮಳೆ ಹೋಗಿ ಧಾರಣೆ ಏರಿದರೆ ಎಷ್ಟೇ ದುಬಾರಿಯಾದರೂ ಕೊಂಡೇ ತೀರಬೇಕು, ಏಕೆಂದರೆ ಬತ್ತ ಅವನದಲ್ಲ. ಬತ್ತ ಕೊಂಡವನಿಗೆ ಒದಗಬಹುದಾದ ನಷ್ಟಕ್ಕೆ ಒಂದು ಮಿತಿಯುಂಟು: ಕೊಟ್ಟ ಹಣವೆಲ್ಲವೂ ಹೋಗಬಹುದು, ಅದಕ್ಕಿಂತ ಹೆಚ್ಚಿಲ್ಲ. ಕಡ ತಂದು ಮಾರಿದವನ ನಷ್ಟಕ್ಕೆ ಮಿತಿಯಿಲ್ಲ, ಏಕೆಂದರೆ ಧಾರಣೆ ಏರುವುದಕ್ಕೆ ಮಿತಿಯಿಲ್ಲ. ಇದಲ್ಲದೆ ಅವನ ತಲೆಯ ಮೇಲೆ ಇನ್ನೊಂದು ಭಾರವಿದೆ, ಅದು ವಾಯಿದೆ. ಇಂತಹ ದಿನದೊಳಗೆ, ಇಲ್ಲವೆ ಸಾಲಿಗನು ಕೇಳಿದಾಗ, ಸರಕನ್ನು ತಂದೊಪ್ಪಿಸಬೇಕು.

ಬೆಲೆ ಇಳಿಯಲಿ ಎಂದು ಕಾಯುವವರಿಗೆ ಲಂಡನ್ ಪೇಟೆಯಲ್ಲಿ 'ಕರಡಿಗಳು' ಎಂಬ ಹೆಸರು ಬಿದ್ದಿತು. ಕರಡಿಯನ್ನು ಹಿಡಿಯುವ ಮೊದಲೇ ಅದರ ಚರ್ಮವನ್ನು ಮಾರಬಾರದೆಂಬ ಅಲ್ಲಿನ ಗಾದೆಯಿಂದ ಈ ಹೆಸರು ಬಂದಿತೆನ್ನುತ್ತಾರೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ಹಾಸ್ಯಮಾಡುವ ಕನ್ನಡಿಗರಿಗೆ ಇದರ ಭಾವವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಇತ್ತೀಚೆಗೆ ಕರಡಿಯ ವೃತ್ತಿಯಲ್ಲಿ ಮುಂದಾಗಿರುವವುಗಳೆಂದರೆ ಹೆಡ್ಜ್ ಫಂಡುಗಳು. ಧನಿಕರ ಮತ್ತು ದೊಡ್ಡ ನಿಧಿಗಳ ಹಣವನ್ನು ಒಟ್ಟುಗೂಡಿಸಿ, ಸಾಲವನ್ನೂ ಬೆರೆಸಿ, ಬೆಲೆಯ ಏರಿಳಿತಗಳೆರಡರಲ್ಲಿಯೂ ಲಾಭವನ್ನು ಅರಸುವ ಸಂಸ್ಥೆಗಳಿವು. ೨೦೨೧ರ ಜನವರಿಯಲ್ಲಿ ಅಮೆರಿಕದ ಸಣ್ಣ ಹಣವಂತರು ಇಂಥದೊಂದು ಫಂಡನ್ನು ಕೆಡವಿದರೆಂಬ ವಾರ್ತೆ ಲೋಕವನ್ನೆಲ್ಲ ಸುತ್ತಿತು. ಸಣ್ಣವರು ದೊಡ್ಡವರನ್ನು ಗೆಲ್ಲುವುದು ಹೇಗೆ, ಗೆದ್ದುದು ನಿಜವೇ, ಗೆದ್ದವರಾರು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಆ ಒಂದು ತಿಂಗಳಿನಲ್ಲಿ ಹುಡುಕಿದರೆ ಸಿಕ್ಕದು. ಅದಕ್ಕೆ ಪೂರ್ವಚರಿತ್ರೆಯುಂಟು, ಆ ಚರಿತ್ರೆಯಲ್ಲಿ ಕನ್ನಡನಾಡಿಗೂ ಪಾಲುಂಟು.

೨

ಡಚ್ ಈಸ್ಟ್ ಇಂಡಿಯಾ ಕಂಪೆನಿ ೧೬೦೨ರಲ್ಲಿ ಹುಟ್ಟಿತು. ಅದೇ ಶತಮಾನದಲ್ಲಿ ಕೆಳದಿ ನಾಯಕರ ಬಸರೂರಿನವರೆಗೂ ಬಂದು ಮೆಣಸು ಅಕ್ಕಿಗಳ ವ್ಯಾಪಾರ ನಡೆಸಿದ ಕಂಪೆನಿಯಿದು. ಅದರ ಬಂಡವಾಳಕ್ಕೆ ಹಣ ಕೊಡಲು ದೇಶದ ಯಾರಿಗಾದರೂ ಅವಕಾಶವಿತ್ತು. ಆಮ್‌ಸ್ಟರ್‌ಡಾಮ್ ನಗರವೊಂದರಲ್ಲಿಯೇ ೧,೧೪೩ ಮಂದಿ ಹೆಸರು ಬರೆಸಿದರು. ದೊಡ್ಡ ವರ್ತಕರ ಹೆಸರುಗಳ ಕೊನೆಯಲ್ಲಿ, ಕಂಪೆನಿಯ ನಿರ್ದೇಶಕನೊಬ್ಬನ ಮನೆಯಲ್ಲಿ ಕೆಲಸಮಾಡುತ್ತಿದ್ದ ನೀಲ್ಟ್‌ಯೆನ್ ಕೋರ್ನೆಲಿಸ್ ಎಂಬಾಕೆಯ ಹೆಸರೂ ಇದೆ. ಆಕೆ ಬರೆಸಿದುದು ೧೦೦ ಗಿಲ್ಡರು. ಸಣ್ಣ ಪಾಲುದಾರರ ಚರಿತ್ರೆಯನ್ನು ಆ ಸಾಲಿನಿಂದ ಆರಂಭಿಸಿದರೆ ತಪ್ಪಾಗದು.

ಐಸಾಕ್ ಲೆ ಮೇರ್ ಎಂಬ ವರ್ತಕನು ಮೊದಲು ಈ ಕಂಪೆನಿಯ ನಿರ್ದೇಶಕರಲ್ಲಿ ಒಬ್ಬನಾಗಿದ್ದು, ಲೆಕ್ಕದ ವಿಷಯದಲ್ಲಿ ವಿವಾದವೆದ್ದು ಹೊರಬಂದವನು. ೧೬೦೯ರಲ್ಲಿ ಅವನು ಕೆಲವರನ್ನು ಕೂಡಿಕೊಂಡು, ತಮ್ಮಲ್ಲಿಲ್ಲದ ಪಾಲುಗಳನ್ನು ಮುಂದೊಂದು ದಿನ ಒಪ್ಪಿಸುವ ಕರಾರಿನ ಮೇಲೆ ಮಾರತೊಡಗಿದನು. ಜೊತೆಯಲ್ಲಿಯೇ ಕಂಪೆನಿಯ ಹಡಗುಗಳ ವಿಷಯವಾಗಿ, ಖರ್ಚುವೆಚ್ಚಗಳ ವಿಷಯವಾಗಿ ಕೆಟ್ಟ ಸುದ್ದಿಗಳು ಪೇಟೆಯಲ್ಲಿ ಹಬ್ಬಿದವು. ಬೆಲೆ ಇಳಿಯಿತು. ನಿರ್ದೇಶಕರು ಸರಕಾರಕ್ಕೆ ಮೊರೆಯಿಟ್ಟರು. ಪಾಲುಗಳನ್ನಿಟ್ಟುಕೊಂಡಿರುವ ವಿಧವೆಯರಿಗೂ ತಬ್ಬಲಿಗಳಿಗೂ ಈ ದುಷ್ಟರಿಂದ ಹಾನಿಯಾಗುತ್ತಿದೆಯೆಂದರು. ಎದುರುಪಕ್ಷದವರು ಸುಮ್ಮನಿರಲಿಲ್ಲ, ಬೆಲೆ ಇಳಿದುದು ಕಂಪೆನಿಯ ಆಡಳಿತ ನೆಟ್ಟಗಿಲ್ಲದುದರಿಂದಲೇ ಹೊರತು ತಮ್ಮಿಂದಲ್ಲವೆಂದರು. ೧೬೧೦ರ ಫೆಬ್ರವರಿಯಲ್ಲಿ ಸರಕಾರವು ತನ್ನದಲ್ಲದ ಪಾಲನ್ನು ಮಾರಕೂಡದೆಂದು ಆಜ್ಞೆ ಹೊರಡಿಸಿತು. ಅದೇ ವರ್ಷ ಕಂಪೆನಿ ತನ್ನ ಮೊದಲ ಲಾಭಾಂಶವನ್ನು ಹಂಚಿತು. ಅದೂ ಹಣವಾಗಿಯಲ್ಲ, ಮಸಾಲೆ ಪದಾರ್ಥಗಳಾಗಿ. ಬೆಲೆ ಏರಿತು. ಕರಾರಿನ ವಾಯಿದೆ ಬಂದಾಗ ಒಪ್ಪಿಸಲು ಪಾಲುಗಳಿಲ್ಲದೆ ಲೆ ಮೇರನ ಕೂಟದವರು ಅಪಾರ ನಷ್ಟಕ್ಕೊಳಗಾದರು.

ಈ ಮೊದಲ ಪ್ರಸಂಗದಲ್ಲಿಯೇ ಮುಂದಿನ ನಾನೂರು ವರ್ಷಗಳ ವಾದವೆಲ್ಲವೂ ಅಡಗಿದೆ. ಮೊದಲನೆಯದಾಗಿ, ಸಣ್ಣವರ ಹೆಸರನ್ನು ಹಿಡಿದು ಮಾತನಾಡಿದವರು ಸಣ್ಣವರಲ್ಲ. ಅವರು ಕಂಪೆನಿಯ ನಿರ್ದೇಶಕರು. ಎರಡನೆಯದಾಗಿ, ಕರಡಿಯ ಬಾಯಿಂದ ಬಂದ ಮಾತೆಲ್ಲವೂ ಸುಳ್ಳಲ್ಲ. ಕಂಪೆನಿ ಎಂಟು ವರ್ಷಗಳಾದರೂ ಪಾಲುದಾರರಿಗೆ ಲಾಭಾಂಶ ಕೊಟ್ಟಿರಲಿಲ್ಲವೆಂಬುದು ದಿಟವಾಗಿದ್ದಿತು. ಮೂರನೆಯದಾಗಿ, ಲೆ ಮೇರನನ್ನು ಕೆಡವಿದುದು ವಿಧವೆಯರ ಕಣ್ಣೀರಲ್ಲ, ಸರಕಾರದ ಕೋಪವೂ ಅಷ್ಟಾಗಿ ಅಲ್ಲ. ಅವನು ತಾನೇ ಬರೆದುಕೊಟ್ಟ ವಾಯಿದೆ. ಪಾಲನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಕುಳಿತವನಿಗೆ ಅಂತಹ ದಿನವೊಂದು ಗೊತ್ತಾಗಿರಲಿಲ್ಲ.

ನಿಷೇಧದಿಂದ ಈ ವ್ಯಾಪಾರ ನಿಲ್ಲಲಿಲ್ಲ. ಇಂಗ್ಲೆಂಡಿನಲ್ಲಿ ೧೭೩೪ರಲ್ಲಿ ಇಂಥದೇ ಶಾಸನವಾಗಿ ೧೮೬೦ರವರೆಗೂ ಪುಸ್ತಕದಲ್ಲಿ ಉಳಿಯಿತು. ಪೇಟೆಯವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡುದು ಕಡಮೆ. ನಿಲ್ಲದಿದ್ದುದಕ್ಕೆ ಒಂದು ಸಮರ್ಥನೆಯೂ ಉಂಟು. ಎಲ್ಲರೂ ಹೊಗಳುವ ಸಂಸ್ಥೆಯ ಹುಳುಕನ್ನು ಹುಡುಕಿ ಹೇಳುವುದರಿಂದ ಲಾಭ ಹೊಂದುವವನು ಪೇಟೆಯಲ್ಲಿ ಅವನೊಬ್ಬನೇ. ಮಹಾರಾಷ್ಟ್ರದ ದಾಭೋಳಿನ ವಿದ್ಯುತ್ ಯೋಜನೆಯಿಂದ ಭಾರತೀಯರಿಗೂ ಪರಿಚಿತವಾದ ಎನ್ರಾನ್ ಕಂಪೆನಿಯನ್ನು ಲೋಕವೆಲ್ಲ ಕೊಂಡಾಡುತ್ತಿದ್ದಾಗ, ಅದರ ಲೆಕ್ಕಗಳನ್ನು ಓದಿ ಸಂಶಯಪಟ್ಟು ಪಾಲುಗಳನ್ನು ಕಡ ತಂದು ಮಾರಿದವನು ಜಿಮ್ ಚಾನೋಸ್ ಎಂಬ ಕರಡಿ. ೨೦೦೧ರ ಡಿಸೆಂಬರಿನಲ್ಲಿ ಎನ್ರಾನ್ ದಿವಾಳಿಯೆದ್ದಿತು. ಹೊಗಳಿದವರನ್ನು ನಂಬಿದ ಸಾವಿರಾರು ನೌಕರರ ನಿವೃತ್ತಿವೇತನದ ಗಂಟು ಅದರೊಡನೆ ಮುಳುಗಿತು. ಆದುದರಿಂದ ಕರಡಿಯೆಂದೊಡನೆ ಕಳ್ಳನೆಂದೂ, ಕಂಪೆನಿಯ ಪಕ್ಷದವನೆಂದೊಡನೆ ಸಣ್ಣವರ ಬಂಧುವೆಂದೂ ತಿಳಿಯುವುದು ವಿವೇಕವಲ್ಲ.

೩

ಕನ್ನಡನಾಡಿನ ನೆಲದ ಮೇಲೆ ಲಂಡನ್ ಷೇರುಪೇಟೆಯ ನೆರಳು ಬಿದ್ದುದು ಕೋಲಾರದಲ್ಲಿ. ಸೈನ್ಯದಿಂದ ನಿವೃತ್ತನಾಗಿ ಬೆಂಗಳೂರಿನಲ್ಲಿ ನೆಲಸಿದ್ದ ಲವೆಲ್ ಎಂಬ ಐರಿಷ್ ಸಿಪಾಯಿ ೧೮೭೦ರ ದಶಕದಲ್ಲಿ ಮೈಸೂರು ಸರಕಾರದಿಂದ ಚಿನ್ನ ಅಗೆಯುವ ಅಪ್ಪಣೆ ಪಡೆದನು. ಅಗೆಯಲು ಹಣ ಸಾಲದೆ ಅವನ ಹಕ್ಕು ಬೇರೆಯವರಿಗೆ ಹೋಯಿತು. ೧೮೮೦ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪೆನಿ ಲಂಡನ್ನಿನಲ್ಲಿ ಸ್ಥಾಪಿತವಾಯಿತು. ಆ ದಿನಗಳಲ್ಲಿ ದಕ್ಷಿಣ ಹಿಂದೂಸ್ಥಾನದ ಚಿನ್ನವೆಂದರೆ ಲಂಡನ್ನಿನವರಿಗೆ ಮರುಳು ಹಿಡಿದಿದ್ದಿತು. ವಯನಾಡು, ಕೋಲಾರಗಳ ಹೆಸರಿನಲ್ಲಿ ಅನೇಕ ಕಂಪೆನಿಗಳೆದ್ದವು. ಬಹುಪಾಲು ಕಂಪೆನಿಗಳಿಗೆ ದೊರೆತುದು ಕಲ್ಲು.

ಐದಾರು ವರ್ಷಗಳಲ್ಲಿ ಮೈಸೂರು ಕಂಪೆನಿಯ ಬಂಡವಾಳ ಬಹುಮಟ್ಟಿಗೆ ಕರಗಿ, ಒಂದು ಪೌಂಡಿನ ಪಾಲು ಕೆಲವೇ ಪೆನ್ಸುಗಳಿಗೆ ಇಳಿಯಿತು. ಉಳಿದ ಹಣವನ್ನು ಹಂಚಿಕೊಂಡು ಕಂಪೆನಿಯನ್ನು ಮುಚ್ಚೋಣವೆಂದು ಪಾಲುದಾರರಲ್ಲಿ ಅನೇಕರು ಹೇಳಿದರು. ಗಣಿಯ ಆಡಳಿತ ನೋಡಿಕೊಳ್ಳುತ್ತಿದ್ದ ಜಾನ್ ಟೇಲರ್ ಸಂಸ್ಥೆಯವರು, ಉಳಿದುದನ್ನೂ ನೆಲಕ್ಕೆ ಹಾಕಿ ನೋಡಬೇಕೆಂದು ಅವರನ್ನು ಒಡಂಬಡಿಸಿದರು. ಕ್ಯಾಪ್ಟನ್ ಪ್ಲಮ್ಮರನ ಮೇಲ್ವಿಚಾರಣೆಯಲ್ಲಿ ಅಗೆತ ಮುಂದುವರಿದು, ಹಿಂದಿನವರು ಅಗೆದು ಬಿಟ್ಟಿದ್ದ ಹಳೆಯ ಗುಂಡಿಗಳ ಕೆಳಗೆ ಚಾಂಪಿಯನ್ ಎಂದು ಹೆಸರಾದ ಚಿನ್ನದ ಪದರ ದೊರೆಯಿತು. ೨೦೦೧ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚುವವರೆಗೆ ಆ ನೆಲದಿಂದ ಬಂದ ಚಿನ್ನ ಸುಮಾರು ೮೦೦ ಟನ್ನು.

ಇಲ್ಲಿ ಕರಡಿಗಳ ಕೂಟವನ್ನು ಯಾರೂ ಬಡಿದೋಡಿಸಲಿಲ್ಲ. ಆದರೂ ವಾಯಿದೆಯ ನ್ಯಾಯವನ್ನು ತಿಳಿಯಲು ಕೋಲಾರದಂತಹ ನಿದರ್ಶನ ಬೇರೆಯಿಲ್ಲ. ಪೆನ್ಸುಗಳಿಗೆ ಇಳಿದ ಪಾಲನ್ನು ಕೈಯಲ್ಲಿ ಹಿಡಿದವನಿಗೆ 'ನಾಳೆಯೇ ತಂದೊಪ್ಪಿಸು' ಎನ್ನುವ ಸಾಲಿಗನಿರಲಿಲ್ಲ. ಅವನು ಕಾಯಬಲ್ಲವನಾಗಿದ್ದನು, ಕಾದುದರಿಂದ ಉಳಿದನು. ತಾಳಿದವನು ಬಾಳಿಯಾನೆಂಬ ಗಾದೆ ಇಲ್ಲಿ ಅಕ್ಷರಶಃ ಫಲಿಸಿತು. ಆದರೆ ಅದೇ ಗಾದೆಯನ್ನು ನಂಬಿ ವಯನಾಡಿನ ಕಂಪೆನಿಗಳಲ್ಲಿ ತಾಳಿದವರ ಗತಿಯನ್ನೂ ಮರೆಯಬಾರದು. ತಾಳ್ಮೆಯು ನೆಲದಲ್ಲಿಲ್ಲದ ಚಿನ್ನವನ್ನು ತಂದುಕೊಡಲಾರದು. ಇರುವ ಚಿನ್ನ ಹೊರಬರುವವರೆಗೆ ಮಾಲೀಕನನ್ನು ಉಳಿಸಬಲ್ಲುದು, ಅಷ್ಟೇ. ಈ ಚಿನ್ನವು ಯಾರ ಮನೆ ಸೇರಿತೆಂಬುದು ಬೇರೆ ಕಥೆ: ಮೈಸೂರಿನ ಬೊಕ್ಕಸಕ್ಕೆ ರಾಜಧನ, ಲಂಡನ್ನಿನ ಪಾಲುದಾರನಿಗೆ ಲಾಭಾಂಶ, ಗಣಿಯಲ್ಲಿ ಇಳಿದವನಿಗೆ ಕೂಲಿ.

೪

ಭಾರತದಲ್ಲಿ ಕರಡಿಗಳಿಗೂ ಪಾಲುದಾರರಿಗೂ ನಡೆದ ಪ್ರಸಿದ್ಧವಾದ ಕಾಳಗ ೧೯೮೨ರದು, ರಣರಂಗ ಮುಂಬಯಿ. ರಿಲಯನ್ಸ್ ಕಂಪೆನಿ ೧೯೭೭ರಲ್ಲಿ ಸಾರ್ವಜನಿಕರಿಗೆ ಪಾಲುಗಳನ್ನು ನೀಡಿದಾಗ ಸುಮಾರು ೫೮,೦೦೦ ಮಂದಿ ಅದರಲ್ಲಿ ಹಣ ಹೂಡಿದ್ದರು. ಇವರಲ್ಲಿ ಬಹುಮಂದಿ ಅದಕ್ಕೆ ಮೊದಲು ಷೇರಿನ ಕಾಗದವನ್ನೇ ಕಂಡವರಲ್ಲ. ಮುಂಬಯಿ ಪೇಟೆಯಲ್ಲಿ ಆಗ ಬದ್ಲಾ ಎಂಬ ಪದ್ಧತಿಯಿದ್ದಿತು. ಹದಿನಾಲ್ಕು ದಿನಗಳಿಗೊಮ್ಮೆ ಲೆಕ್ಕ ತೀರಿಸಬೇಕು. ಕೊಂಡವನಲ್ಲಿ ಹಣವಿಲ್ಲದಿದ್ದರೆ, ಮಾರಿದವನಲ್ಲಿ ಪಾಲಿಲ್ಲದಿದ್ದರೆ, ಇಬ್ಬರೂ ಒಪ್ಪಿ ಒಂದು ಶುಲ್ಕ ತೆತ್ತು ವ್ಯವಹಾರವನ್ನು ಮುಂದಿನ ಹದಿನಾಲ್ಕು ದಿನಗಳಿಗೆ ತಳ್ಳಬಹುದು. ಸಾಮಾನ್ಯವಾಗಿ ಶುಲ್ಕ ಕೊಡುವವನು ಕೊಂಡವನೇ. ಪಾಲುಗಳಿಗೆ ಬರ ಬಂದಾಗ ಮಾತ್ರ ಮಾರಿದವನು ಕೊಡಬೇಕು. ಹೀಗೆ ತಳ್ಳುತ್ತ ಹೋದರೆ ವಾಯಿದೆಯೆಂಬುದು ಹೆಸರಿಗೆ ಮಾತ್ರ ಉಳಿಯುತ್ತಿತ್ತು.

ಈ ನಂಬಿಕೆಯ ಮೇಲೆಯೇ ಕಲ್ಕತ್ತೆಯ ಕೆಲವು ದಲ್ಲಾಳಿಗಳ ಕೂಟವು ೧೯೮೨ರ ಮಾರ್ಚ್ ೧೮ರಂದು ರಿಲಯನ್ಸ್ ಪಾಲುಗಳನ್ನು ಮಾರತೊಡಗಿತು. ಅರ್ಧ ಘಂಟೆಯಲ್ಲಿ ಮಾರಿದುದು ಮೂರೂವರೆ ಲಕ್ಷ ಪಾಲುಗಳು. ಬೆಲೆ ೧೩೧ ರೂಪಾಯಿಯಿಂದ ೧೨೧ಕ್ಕೆ ಬಿದ್ದಿತು. ಒಡನೆಯೇ ಎದುರಿನಿಂದ ಕೊಳ್ಳುವವರು ಬಂದರು. ಕಂಪೆನಿಯ ಮಿತ್ರರೆಂದು ಪತ್ರಿಕೆಗಳು ಕರೆದ ದಲ್ಲಾಳಿಗಳು ಕರಡಿಗಳು ಮಾರಿದುದನ್ನೆಲ್ಲ ಕೊಳ್ಳುತ್ತ ಹೋದರು. ಒಟ್ಟು ಮಾರಾಟ ಸುಮಾರು ೧೧ ಲಕ್ಷ ಪಾಲುಗಳಿಗೆ ಮುಟ್ಟಿತು. ಅದರಲ್ಲಿ ಎಂಟೂವರೆ ಲಕ್ಷಕ್ಕೆ ಮೇಲ್ಪಟ್ಟು ಈ ಮಿತ್ರರ ಕೈಸೇರಿತು.

ಏಪ್ರಿಲ್ ೩೦ ಶುಕ್ರವಾರ ಲೆಕ್ಕದ ದಿನ. ಕೊಂಡವರು ಎಂದಿನಂತೆ ವ್ಯವಹಾರವನ್ನು ಮುಂದಕ್ಕೆ ಹಾಕಲು ಒಪ್ಪದೆ 'ಪಾಲುಗಳನ್ನು ಒಪ್ಪಿಸಿ' ಎಂದರು. ಮುಂದಕ್ಕೆ ಹಾಕಬೇಕಾದರೆ ಪಾಲೊಂದಕ್ಕೆ ೨೫ ರೂಪಾಯಿ ತೆರಿ ಎಂದರು. ಕಲ್ಕತ್ತೆಯವರ ಬಳಿ ಪಾಲುಗಳಿರಲಿಲ್ಲ. ಪೇಟೆಯಲ್ಲಿ ಕೋಲಾಹಲವೆದ್ದು ಎಕ್ಸ್‌ಚೇಂಜು ಮೂರು ದಿನ ವ್ಯವಹಾರ ನಡೆಸಲಾರದೆ ಹೋಯಿತು. ಕರಡಿಗಳು ಸಿಕ್ಕಸಿಕ್ಕ ಬೆಲೆಗೆ ಪಾಲುಗಳನ್ನು ಹುಡುಕಿ ಕೊಳ್ಳಬೇಕಾಗಿ, ಮೇ ತಿಂಗಳಲ್ಲಿ ಬೆಲೆ ೨೦೦ ರೂಪಾಯಿಯನ್ನು ದಾಟಿತು.

ಈ ಪ್ರಸಂಗವನ್ನು ಸಣ್ಣ ಪಾಲುದಾರರ ವಿಜಯವೆಂದು ವರ್ಣಿಸುವುದು ವಾಡಿಕೆಯಾಗಿದೆ. ವಿಜಯದಿಂದ ಅವರಿಗೆ ಲಾಭವಾದುದು ದಿಟ. ಆದರೆ ಯುದ್ಧ ಮಾಡಿದವರು ಅವರಲ್ಲ. ಎಂಟೂವರೆ ಲಕ್ಷ ಪಾಲುಗಳನ್ನು ಆರು ವಾರಗಳಲ್ಲಿ ಕೊಳ್ಳುವ ಹಣ ಉಪಾಧ್ಯಾಯರ, ಗುಮಾಸ್ತರ ಮನೆಗಳಿಂದ ಬಂದುದಲ್ಲ. ಆ ಕಾಲದಲ್ಲಿ ರಿಲಯನ್ಸ್ ಪಾಲುಗಳನ್ನು ಕೊಂಡ, ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನೋಂದಣಿಯಾಗಿದ್ದ 'ಕ್ರಾಕಡೈಲ್', 'ಫಿಯಾಸ್ಕೊ' ಮೊದಲಾದ ವಿಚಿತ್ರ ಹೆಸರಿನ ಕಂಪೆನಿಗಳ ವಿಚಾರವಾಗಿ ೧೯೮೩ರಲ್ಲಿ ಸಂಸತ್ತಿನಲ್ಲಿ ಪ್ರಶ್ನೆಗಳೆದ್ದವು. ಸಣ್ಣವರು ಮಾಡಿದ ಉಪಕಾರವೆಂದರೆ, ಬೆಲೆ ಬಿದ್ದಾಗ ಹೆದರಿ ಮಾರದೆ ಸುಮ್ಮನಿದ್ದುದು. ಅವರ ಪೆಟ್ಟಿಗೆಗಳಲ್ಲಿ ಪಾಲುಗಳು ಬೀಗದಲ್ಲಿದ್ದುದರಿಂದಲೇ ಕರಡಿಗಳಿಗೆ ಅವು ದೊರೆಯಲಿಲ್ಲ. ಅದು ದೊಡ್ಡ ಉಪಕಾರವೇ ಸರಿ. ಅದಕ್ಕಾಗಿ ಅವರು ಒಂದು ಕಾಸನ್ನೂ ಪಣವೊಡ್ಡಬೇಕಾಗಲಿಲ್ಲ.

೫

ಕರ್ನಾಟಕದಲ್ಲಿ ಷೇರುವ್ಯಾಪಾರಕ್ಕೆ ಸ್ವಂತದ ಮನೆಯೊಂದಿದ್ದಿತು. ಬೆಂಗಳೂರು ಷೇರು ವಿನಿಮಯ ಕೇಂದ್ರವು ೧೯೬೩ರಲ್ಲಿ ಸ್ಥಾಪಿತವಾಯಿತು; ಮುಂದೆ ಮಂಗಳೂರಿನಲ್ಲಿಯೂ ಒಂದು ನಡೆಯಿತು. ಮುಂಬಯಿಯ ಯಂತ್ರಗಳ ಮೂಲಕ ವ್ಯವಹಾರ ದೇಶಕ್ಕೆಲ್ಲ ಹರಡಿದ ಮೇಲೆ ಈ ಮನೆಗಳಲ್ಲಿ ಮಾರುವವರೂ ಕೊಳ್ಳುವವರೂ ಇಲ್ಲವಾದರು. ೨೦೧೪ರ ಡಿಸೆಂಬರಿನಲ್ಲಿ ಬೆಂಗಳೂರಿನ ಕೇಂದ್ರವೂ ಬಾಗಿಲು ಹಾಕಿತು.

ಈ ನಡುವೆ ಕನ್ನಡನಾಡಿನ ಸಣ್ಣ ಪಾಲುದಾರನ ಕಥೆ ಇನ್ಫೋಸಿಸ್ ಕಂಪೆನಿಯ ಹೆಸರಿನೊಡನೆ ಹೆಣೆದುಕೊಂಡಿತು. ೧೯೮೧ರಲ್ಲಿ ಪುಣೆಯಲ್ಲಿ ಹುಟ್ಟಿ ೧೯೮೩ರಲ್ಲಿ ಬೆಂಗಳೂರಿಗೆ ಬಂದ ಈ ಕಂಪೆನಿ ೧೯೯೩ರ ಫೆಬ್ರವರಿಯಲ್ಲಿ ಪಾಲೊಂದಕ್ಕೆ ೯೫ ರೂಪಾಯಿಯಂತೆ ಸಾರ್ವಜನಿಕರ ಮುಂದೆ ಬಂದಾಗ, ನೀಡಿದ ಪಾಲುಗಳಷ್ಟೂ ಮಾರಾಟವಾಗಲಿಲ್ಲ. ಅದೇ ವರ್ಷದ ಜೂನಿನಲ್ಲಿ ಪೇಟೆಯ ಮೊದಲ ಬೆಲೆ ೧೪೫ ರೂಪಾಯಿ. ಆ ದಿನವೇ ಮಾರಿ ಐವತ್ತು ರೂಪಾಯಿ ಲಾಭ ಪಡೆದವರು ಸಂತೋಷಪಟ್ಟರು. ಮಾರದೆ ಉಳಿಸಿಕೊಂಡವರ ಒಂದೊಂದು ಪಾಲು ಬೋನಸ್ಸಿನ ಮೇಲೆ ಬೋನಸ್ಸು ಬೆಳೆದು ಹಲವು ನೂರಾಯಿತು. ಹೆಬ್ಬಾಳದಲ್ಲಿ ಆ ಕಂಪೆನಿ ಕಟ್ಟಿದ ಶಿಕ್ಷಣಕೇಂದ್ರವನ್ನು ಮೈಸೂರಿನವರು ದಿನವೂ ನೋಡುತ್ತಿದ್ದಾರೆ. ಕೋಲಾರದ ಪಾಲುದಾರನಂತೆ ಈ ಪಾಲುದಾರನಿಗೂ ಯಾರೂ ವಾಯಿದೆ ಹಾಕಿರಲಿಲ್ಲ.

ಬದ್ಲಾ ಪದ್ಧತಿಯನ್ನು ಸೆಬಿ ಎಂಬ ನಿಯಂತ್ರಕ ಮಂಡಳಿಯು ೨೦೦೧ರ ಜುಲೈಯಲ್ಲಿ ಕೊನೆಗಾಣಿಸಿತು. ಅದೇ ವರ್ಷದ ಮಾರ್ಚಿನ ಕುಸಿತದ ಹೊತ್ತಿನಲ್ಲಿ ನಿಷೇಧಿಸಲ್ಪಟ್ಟಿದ್ದ ಷಾರ್ಟ್ ಸೆಲ್ಲಿಂಗ್ ಮುಂದೆ ನಿಯಮಗಳೊಡನೆ ಹಿಂದಿರುಗಿತು. ಪಾಲುಗಳನ್ನು ಕಡ ಕೊಡುವ ವ್ಯವಸ್ಥೆ ೨೦೦೮ರಲ್ಲಿ ಬಂದಿತು. ೨೦೨೪ರ ಜನವರಿಯ ಸುತ್ತೋಲೆಯಲ್ಲಿ ಸೆಬಿಯು, ಎಲ್ಲ ಬಗೆಯ ಹೂಡಿಕೆದಾರರಿಗೂ ಈ ಮಾರಾಟಕ್ಕೆ ಅವಕಾಶವುಂಟು, ಕಡ ತಂದು ಒಪ್ಪಿಸದೆ ಬರಿಗೈಯಲ್ಲಿ ಮಾರುವುದಕ್ಕೆ ಮಾತ್ರ ಇಲ್ಲ ಎಂದು ವಿಧಿಸಿತು. ಲೆ ಮೇರನ ಕಾಲದ ಆಜ್ಞೆಯೂ ಇದೇ ಆಗಿದ್ದಿತೆಂಬುದು ಗಮನಾರ್ಹವಾದುದು.

೬

ಇನ್ನು ೨೦೨೧ರ ನ್ಯೂಯಾರ್ಕ್ ಪ್ರಸಂಗ. ಗೇಮ್‌ಸ್ಟಾಪ್ ಎಂಬುದು ಆಟದ ಯಂತ್ರಗಳನ್ನೂ ಆಟಗಳ ತಟ್ಟೆಗಳನ್ನೂ ಮಾರುವ ಅಂಗಡಿಗಳ ಕಂಪೆನಿ. ಜನರು ಆಟಗಳನ್ನು ಮನೆಯಲ್ಲಿಯೇ ಯಂತ್ರದ ಮೂಲಕ ಪಡೆಯತೊಡಗಿದ ಮೇಲೆ ಅದರ ವ್ಯಾಪಾರ ಸೊರಗಿತು. ಮೆಲ್ವಿನ್ ಕ್ಯಾಪಿಟಲ್ ಮೊದಲಾದ ಹೆಡ್ಜ್ ಫಂಡುಗಳು ಅದರ ಪಾಲುಗಳನ್ನು ಕಡ ತಂದು ಮಾರಿದವು. ಕಡ ತಂದು ಮಾರಿದ ಪಾಲನ್ನು ಕೊಂಡವನು ಮತ್ತೊಬ್ಬನಿಗೆ ಕಡ ಕೊಡಬಹುದಾದುದರಿಂದ ಒಂದೇ ಪಾಲು ಎರಡು ಬಾರಿ ಮಾರಾಟವಾಗುವುದುಂಟು. ಹೀಗಾಗಿ ಮಾರಿದ ಪಾಲುಗಳ ಮೊತ್ತ ಪೇಟೆಯಲ್ಲಿ ಓಡಾಡುತ್ತಿದ್ದ ಪಾಲುಗಳ ನೂರಕ್ಕೆ ೧೨೦ನ್ನೂ ಮೀರಿತು. ಅಂದರೆ, ಇರುವ ಪಾಲುಗಳೆಲ್ಲವನ್ನೂ ಕೂಡಿಸಿದರೂ ಒಮ್ಮೆಗೇ ಸಾಲ ತೀರದಂತಾಗಿತ್ತು.

ಮಸಾಚುಸೆಟ್ಸಿನ ಕೀತ್ ಗಿಲ್ ಎಂಬಾತನು ಈ ಕಂಪೆನಿ ಲೋಕ ತಿಳಿದಷ್ಟು ನಿಸ್ಸಾರವಾದುದಲ್ಲವೆಂದು ಲೆಕ್ಕ ಸಹಿತ ವಾದಿಸಿ ತಾನೂ ಪಾಲು ಕೊಂಡಿದ್ದನು. ಅವನ ಮಾತನ್ನು ನಂಬಿ ಕೆಲವರು, ಕರಡಿಗಳ ಇಕ್ಕಟ್ಟನ್ನು ಅರಿತು ಕೆಲವರು, ೨೦೦೮ರಲ್ಲಿ ಬ್ಯಾಂಕುಗಳು ಮುಳುಗಿಸಿದ ಮನೆಗಳನ್ನು ನೆನೆದು ಸೇಡಿಗಾಗಿ ಕೆಲವರು, ಗುಂಪಿನೊಡನೆ ಓಡುವ ಉತ್ಸಾಹದಿಂದ ಬಹಳ ಮಂದಿ ಕೊಂಡರು. ಹನಿಗೂಡಿ ಹಳ್ಳವಾಯಿತು. ಜನವರಿಯ ಆರಂಭದಲ್ಲಿ ೧೭ ಡಾಲರಿನ ಸುತ್ತಿದ್ದ ಪಾಲು ೨೭ನೆಯ ತಾರೀಖು ೩೪೭ ಡಾಲರಿಗೆ ಮುಟ್ಟಿತು. ಮೆಲ್ವಿನ್ ಸಂಸ್ಥೆ ಬೇರೆ ಎರಡು ಸಂಸ್ಥೆಗಳಿಂದ ೨೭೫ ಕೋಟಿ ಡಾಲರುಗಳ ನೆರವು ಪಡೆದೂ ಆ ತಿಂಗಳಲ್ಲಿ ನೂರಕ್ಕೆ ೫೩ರಷ್ಟನ್ನು ಕಳೆದುಕೊಂಡಿತು, ೨೦೨೨ರಲ್ಲಿ ಮುಚ್ಚಿತು.

ಇಲ್ಲಿ ಕರಾರಿನ ದಿನವೊಂದು ಗೊತ್ತಾಗಿರಲಿಲ್ಲವಾದರೂ ವಾಯಿದೆ ಬೇರೊಂದು ವೇಷದಲ್ಲಿ ಬಂದಿತು. ಬೆಲೆ ಏರಿದಂತೆಲ್ಲ ಸಾಲ ಕೊಟ್ಟವರು ಹೆಚ್ಚು ಹೆಚ್ಚು ಒತ್ತೆಯಿಡಬೇಕೆನ್ನುತ್ತಾರೆ. ಇಡಲಾರದವನು ಆ ಕ್ಷಣವೇ ಕೊಂಡು ತೀರಿಸಬೇಕು. ವಿಚಿತ್ರವೆಂದರೆ ಮರುದಿನ ಇದೇ ತಗಾದೆ ಸಣ್ಣವರ ಬಾಗಿಲಿಗೂ ಬಂದಿತು. ಅವರಲ್ಲಿ ಬಹುಮಂದಿ ವ್ಯವಹಾರ ಮಾಡುತ್ತಿದ್ದ ರಾಬಿನ್‌ಹುಡ್ ಎಂಬ ದಲ್ಲಾಳಿ ಸಂಸ್ಥೆಯಿಂದ,ಲೆಕ್ಕ ತೀರಿಸುವ ಕೇಂದ್ರವು ಸುಮಾರು ೩೦೦ ಕೋಟಿ ಡಾಲರು ಒತ್ತೆ ಕೇಳಿತು. ಅಷ್ಟು ಹಣವಿಲ್ಲದ ಸಂಸ್ಥೆ ಜನವರಿ ೨೮ರಂದು ಗೇಮ್‌ಸ್ಟಾಪ್ ಕೊಳ್ಳುವುದನ್ನೇ ನಿಲ್ಲಿಸಿ, ಮಾರುವುದಕ್ಕೆ ಮಾತ್ರ ಅವಕಾಶವಿತ್ತಿತು. ಬೆಳಿಗ್ಗೆ ೪೮೩ ಡಾಲರನ್ನು ಮುಟ್ಟಿದ್ದ ಬೆಲೆ ಸಂಜೆಗೆ ೧೯೩ಕ್ಕೆ ಇಳಿಯಿತು. ಮುಂದಿನ ವಾರ ನೂರರ ಕೆಳಗೆ ಬಂದಿತು. ತುದಿಯಲ್ಲಿ ಕೊಂಡವರು, ಅದರಲ್ಲಿಯೂ ಸಾಲ ಮಾಡಿ ಕೊಂಡವರು, ನಷ್ಟವನ್ನು ಹೊತ್ತರು. ಅಮೆರಿಕದ ನಿಯಂತ್ರಕ ಮಂಡಳಿ ಅಕ್ಟೋಬರಿನಲ್ಲಿ ಪ್ರಕಟಿಸಿದ ವರದಿಯು, ಬೆಲೆಯನ್ನು ವಾರಗಟ್ಟಲೆ ಎತ್ತಿಹಿಡಿದುದು ಕರಡಿಗಳು ಹಿಂದಕ್ಕೆ ಕೊಂಡುದಕ್ಕಿಂತ ಹೆಚ್ಚಾಗಿ ಜನರ ಉತ್ಸಾಹವೇ ಎಂದಿತು. ಒಂದು ಫಂಡು ಬಿದ್ದಿತು. ಅದನ್ನು ಕೆಡವಿದ ಗುಂಪಿನಲ್ಲಿ ಕೊನೆಗೆ ಬಂದವರು ಅದರ ಜೊತೆಯಲ್ಲಿಯೇ ಬಿದ್ದರು.

೭

ಆ ವರ್ಷಗಳಲ್ಲಿಯೇ ಭಾರತದಲ್ಲಿಯೂ ಸಣ್ಣ ಹಣವಂತರು ಪೇಟೆಗೆ ನುಗ್ಗಿದರು. ೨೦೨೦ರ ಮಾರ್ಚಿನಲ್ಲಿ ಸುಮಾರು ೪ ಕೋಟಿಯಿದ್ದ ಡಿಮ್ಯಾಟ್ ಖಾತೆಗಳು ೨೦೨೫ರ ಮಾರ್ಚಿನ ವೇಳೆಗೆ ೧೯ ಕೋಟಿಯನ್ನು ಮೀರಿದವು. ಇದಕ್ಕೆ ದಾರಿಮಾಡಿದವುಗಳಲ್ಲಿ ೨೦೧೦ರಲ್ಲಿ ನಿತಿನ್ ಕಾಮತ್ ಸಹೋದರರು ಬೆಂಗಳೂರಿನಲ್ಲಿ ಆರಂಭಿಸಿದ ಜೆರೋಧಾ ಮುಖ್ಯವಾದುದು; ಅಲ್ಪ ದಲ್ಲಾಳಿಯಿಂದ ವ್ಯವಹಾರವನ್ನು ಕೈಯ ದೂರವಾಣಿಗೆ ತಂದ ಸಂಸ್ಥೆಗಳಿವು. ಕುವೆಂಪುನಗರದ ಮನೆಯೊಂದರ ಪಡಸಾಲೆಯಲ್ಲಿ ಕುಳಿತವನಿಗೂ ಮುಂಬಯಿಯ ದಲಾಲ್ ಬೀದಿಯವನಿಗೂ ಪೇಟೆ ಸಮಾನ ದೂರದಲ್ಲಿ ನಿಂತಿತು. ಇದು ಒಳ್ಳೆಯ ಸಂಗತಿ. ಆದರೆ ಬಾಗಿಲು ತೆರೆದಾಗ ಒಳಗೆ ಎರಡು ಅಂಗಡಿಗಳಿದ್ದವು: ಒಂದರಲ್ಲಿ ಪಾಲುಗಳು, ಇನ್ನೊಂದರಲ್ಲಿ ವಾಯಿದೆಗಳು.

ಎರಡನೆಯ ಅಂಗಡಿಯ ಸರಕಿಗೆ ಆಪ್ಷನ್ ಎಂದು ಹೆಸರು. ಇಂತಹ ದಿನದೊಳಗೆ ಬೆಲೆ ಏರುವುದೆಂದೋ ಇಳಿಯುವುದೆಂದೋ ನಂಬಿ ಕೊಡುವ ಸಂಚಕಾರವಿದು. ಆ ದಿನ ಎಣಿಸಿದಂತೆ ಆಗದಿದ್ದರೆ ಸಂಚಕಾರವೆಲ್ಲ ಹೋಯಿತು. ವಾರಕ್ಕೊಮ್ಮೆ ಮುಗಿಯುವ ವಾಯಿದೆಗಳು ಬಂದ ಮೇಲೆ ಇದರ ಮೋಹ ಹೆಚ್ಚಿತು. ಸೆಬಿಯು ೨೦೨೪ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, ೨೦೨೪ರ ಮಾರ್ಚಿಗೆ ಮುಗಿದ ಮೂರು ವರ್ಷಗಳಲ್ಲಿ ವಾಯಿದೆಯ ವ್ಯಾಪಾರಕ್ಕಿಳಿದ ಒಂದು ಕೋಟಿಗೂ ಮಿಕ್ಕ ವ್ಯಕ್ತಿಗಳಲ್ಲಿ ನೂರಕ್ಕೆ ೯೩ ಮಂದಿ ಕಳೆದುಕೊಂಡರು. ತಲೆಗೆ ಸರಾಸರಿ ಸುಮಾರು ೨ ಲಕ್ಷ ರೂಪಾಯಿ, ಒಟ್ಟು ೧.೮ ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಿನವರು ತಮ್ಮ ವಾರ್ಷಿಕ ವರಮಾನ ೫ ಲಕ್ಷಕ್ಕಿಂತ ಕಡಮೆಯೆಂದು ಬರೆಸಿದ್ದವರು. ಆ ಮೂರನೆಯ ವರ್ಷವೊಂದರಲ್ಲಿಯೇ ಸ್ವಂತ ಬಂಡವಾಳದಿಂದ ವ್ಯವಹರಿಸುವ ದಲ್ಲಾಳಿ ಸಂಸ್ಥೆಗಳು ೩೩,೦೦೦ ಕೋಟಿಯನ್ನೂ ವಿದೇಶೀ ಹೂಡಿಕೆ ಸಂಸ್ಥೆಗಳು ೨೮,೦೦೦ ಕೋಟಿಯನ್ನೂ ಗಳಿಸಿದವು; ಈ ಗಳಿಕೆಯ ಬಹುಪಾಲು ಯಂತ್ರಗಣಿತದಿಂದ ನಡೆಸಿದ ವ್ಯಾಪಾರದ್ದು.

೨೦೨೫ರ ಜುಲೈ ೩ರಂದು ಸೆಬಿಯು ಅಮೆರಿಕದ ಜೇನ್ ಸ್ಟ್ರೀಟ್ ಎಂಬ ಸಂಸ್ಥೆಯ ಮೇಲೆ ಹೊರಡಿಸಿದ ಮಧ್ಯಂತರ ಆಜ್ಞೆ ಈ ವ್ಯಾಪಾರದ ಒಳಗನ್ನು ತೋರಿಸುವಂಥದು. ಆಜ್ಞೆಯ ಆರೋಪ ಹೀಗಿದೆ: ವಾಯಿದೆ ಮುಗಿಯುವ ದಿನ ಬೆಳಿಗ್ಗೆ ಬ್ಯಾಂಕುಗಳ ಪಾಲುಗಳನ್ನು ಅಪಾರವಾಗಿ ಕೊಂಡು ಅವುಗಳ ಸೂಚ್ಯಂಕವನ್ನು ಎತ್ತುವುದು, ಅದೇ ಹೊತ್ತಿನಲ್ಲಿ ಸೂಚ್ಯಂಕ ಇಳಿದರೆ ಲಾಭ ಬರುವಂತೆ ಆಪ್ಷನ್ನುಗಳನ್ನು ಬಹು ದೊಡ್ಡ ಪ್ರಮಾಣದಲ್ಲಿ ಹಿಡಿಯುವುದು, ಆಮೇಲೆ ಕೊಂಡ ಪಾಲುಗಳನ್ನು ಮಾರಿ ಸೂಚ್ಯಂಕವನ್ನು ಇಳಿಸುವುದು. ೨೦೨೪ರ ಜನವರಿ ೧೭ರ ಒಂದೇ ದಿನದಲ್ಲಿ ಹೀಗೆ ಬಂದ ಲಾಭ ಸುಮಾರು ೭೩೫ ಕೋಟಿ ರೂಪಾಯಿ ಎಂದು ಆಜ್ಞೆ ಹೇಳುತ್ತದೆ. ಒಟ್ಟು ೪,೮೪೩ ಕೋಟಿ ರೂಪಾಯಿಗಳನ್ನು ಸೆಬಿಯು ತಡೆಹಿಡಿಯಿತು. ಸಂಸ್ಥೆಯು ಆರೋಪವನ್ನು ನಿರಾಕರಿಸಿ, ತನ್ನದು ಪೇಟೆಗಳಲ್ಲಿ ಸಾಮಾನ್ಯವಾದ ವ್ಯವಹಾರವೆಂದು ವಾದಿಸಿ ಮೇಲ್ಮನವಿ ಸಲ್ಲಿಸಿತು. ವಾರದ ವಾಯಿದೆಗಳನ್ನು ಸೆಬಿಯು ೨೦೨೪ರ ನವೆಂಬರಿನಿಂದ ಕಡಮೆ ಮಾಡಿತ್ತು; ಆದರೂ ೨೦೨೫ರ ಮಾರ್ಚಿಗೆ ಮುಗಿದ ವರ್ಷದಲ್ಲಿ ವ್ಯಕ್ತಿಗಳ ನಷ್ಟ ೧,೦೫,೬೦೩ ಕೋಟಿ ರೂಪಾಯಿಗೆ ಏರಿತು.

ಲೆ ಮೇರನಿಂದ ಮೊದಲುಗೊಂಡು ಇಲ್ಲಿಯವರೆಗಿನ ಪ್ರಸಂಗಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಗೆದ್ದವರು ಸಣ್ಣವರೋ ದೊಡ್ಡವರೋ ಎಂಬುದಕ್ಕಿಂತ, ವಾಯಿದೆ ಯಾರ ಕೊರಳಿನಲ್ಲಿತ್ತೆಂಬುದೇ ಫಲವನ್ನು ನಿರ್ಣಯಿಸಿದೆ. ಆಮ್‌ಸ್ಟರ್‌ಡಾಮಿನಲ್ಲಿಯೂ ಮುಂಬಯಿಯಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಅದು ದೊಡ್ಡವರ ಕೊರಳಿನಲ್ಲಿತ್ತು; ಅವರು ಸೋತರು. ದೊಡ್ಡವನಿಗೆ ಹಣವುಂಟು, ಸುದ್ದಿಯುಂಟು, ಯಂತ್ರವುಂಟು. ಅವನಿಗಿಲ್ಲದ ಒಂದೇ ಒಂದು ಅನುಕೂಲ ಸಣ್ಣವನಿಗುಂಟು. ಮೂರು ತಿಂಗಳಿಗೊಮ್ಮೆ ಯಾರಿಗೂ ಲೆಕ್ಕ ಒಪ್ಪಿಸದೆ, ಸಾಲಿಗನ ತಗಾದೆಯಿಲ್ಲದೆ, ವರ್ಷಗಟ್ಟಲೆ ಸುಮ್ಮನೆ ಕುಳಿತಿರಬಲ್ಲ ಸ್ವಾತಂತ್ರ್ಯವದು. ೧೯೮೨ರಲ್ಲಿ ಅವನನ್ನು ಕಾಪಾಡಿದುದು ಆ ಸ್ವಾತಂತ್ರ್ಯ. ೧೯೯೩ರಲ್ಲಿ ಅವನಿಗೆ ಐಶ್ವರ್ಯ ತಂದುದೂ ಅದೇ. ವಾರಕ್ಕೊಂದು ವಾಯಿದೆಯನ್ನು ಹಣ ಕೊಟ್ಟು ಕೊಂಡವನು ಆ ಸ್ವಾತಂತ್ರ್ಯವನ್ನು ತಾನಾಗಿಯೇ ಮಾರಿಕೊಂಡು, ಲೆ ಮೇರನು ನಿಂತಿದ್ದ ಸ್ಥಳದಲ್ಲಿ ಹೋಗಿ ನಿಲ್ಲುತ್ತಾನೆ. ಲೆ ಮೇರನಲ್ಲಿ ಕಳೆದುಕೊಳ್ಳುವುದಕ್ಕೆ ಲಕ್ಷಾಂತರ ಗಿಲ್ಡರುಗಳಿದ್ದವು. ಐದು ಲಕ್ಷದ ವರಮಾನದ ಗೃಹಸ್ಥನಲ್ಲಿರುವುದು ಮಕ್ಕಳ ಓದಿನ ಹಣ, ಮುಪ್ಪಿನ ಗಂಟು.